ಕಸಿ ಮಾಡಿದ ಕಿಡ್ನಿ ನಿಧಾನವಾಗಿ ಹಾಳಾಗುವುದು ಯಾಕೆ?

ನಿಮ್ಮ ತಮ್ಮನಿಗೆ ಕಿಡ್ನಿ ಕಸಿಯಾಗಿ ಆರು ವರ್ಷ. ಮಾತ್ರೆ ಒಂದೂ ತಪ್ಪಿಸಿಲ್ಲ. ಆದರೂ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ರಕ್ತದ ಕಸ, ಕಿಡ್ನಿ ಸೋತರೆ ಏರುತ್ತದೆ) 1.2ರಿಂದ 1.9ಕ್ಕೆ ಏರಿದೆ, ಯಾಕೆ ಅಂತ ಕೇಳಿದ್ದೀರಿ. ನನ್ನೊಳಗಿರುವುದು ಅಮ್ಮನ ಕಿಡ್ನಿ. ಎರಡನೇ ವರ್ಷದಲ್ಲೇ ನಾನೂ ಈ ಭಯ ಅನುಭವಿಸಿದ್ದೇನೆ.

ಇಂಥ ನಿಧಾನದ ಹಾನಿಗೆ ಹೇಳುವ ‘ಕ್ರಾನಿಕ್ ಡ್ಯಾಮೇಜ್’ ಅನ್ನುವುದು ಒಂದು ಕಾಯಿಲೆಯ ಹೆಸರಲ್ಲ. ಗಾಯ ಮಾಗಿದಾಗ ಆಗುವಂತೆ ಕಿಡ್ನಿಯೊಳಗೆ ಕಲೆಗಟ್ಟಿದೆ ಅಂತಷ್ಟೇ ಅದರ ಅರ್ಥ. ಮೊದಲೆಲ್ಲ ಇದಕ್ಕೆ ‘ಕ್ರಾನಿಕ್ ಅಲೋಗ್ರಾಫ್ಟ್ ನೆಫ್ರೋಪತಿ’ ಅಂತ ಬರೆದು ಸುಮ್ಮನಾಗುತ್ತಿದ್ದರು. ಕಸಿ ಕಿಡ್ನಿಯ ಬಯಾಪ್ಸಿ (ಕಿಡ್ನಿಯ ಸಣ್ಣ ಚೂರು ತೆಗೆದು ಮಾಡುವ ಪರೀಕ್ಷೆ) ಓದುವ ಕ್ರಮ ರೂಪಿಸುವ ಬ್ಯಾನ್ಫ್ ತಜ್ಞರು 2005ರ ಸಭೆಯಲ್ಲಿ ಆ ಹೆಸರನ್ನೇ ಕೈಬಿಟ್ಟರು. ಕಾರಣ ಹುಡುಕಿ ಬರೆಯಬೇಕು ಅನ್ನುವುದೇ ಅವರ ಉದ್ದೇಶ.

ಯಾಕೆಂದರೆ ಕಾರಣಗಳು ಒಂದಕ್ಕೊಂದು ಉಲ್ಟಾ ಇರುತ್ತವೆ. ದೇಹ ಹೊಸ ಕಿಡ್ನಿಯ ಮೇಲೆ ದಾಳಿ ಮಾಡದಂತೆ ತಡೆಯುವ ಟ್ಯಾಕ್ರೊಲಿಮಸ್ ಮಾತ್ರೆ ರಕ್ತದಲ್ಲಿ ಕಡಿಮೆಯಾದರೆ ದೇಹವು ದಾನಿಯ ಕಿಡ್ನಿಯ ವಿರುದ್ಧ ಪ್ರತಿಕಾಯ (ಆ್ಯಂಟಿಬಾಡಿ) ತಯಾರಿಸಿ, ಅದರ ಸಣ್ಣ ರಕ್ತನಾಳಗಳನ್ನು ವರ್ಷಗಟ್ಟಲೆ ಕೆಡಿಸುತ್ತದೆ. ಅದೇ ಮಾತ್ರೆ ಜಾಸ್ತಿಯಾದರೆ ಮಾತ್ರೆಯೇ ಆ ನಾಳಗಳನ್ನು ಬಿಗಿಹಿಡಿದು ಕಲೆಗಟ್ಟಿಸುತ್ತದೆ. ನನ್ನ ಕ್ರಿಯಾಟಿನಿನ್ ಏರಿದಾಗ ಮನೆಯವರೆಲ್ಲ ರಿಜೆಕ್ಷನ್, ಅಂದರೆ ದೇಹ ಕಿಡ್ನಿಯನ್ನು ತಿರಸ್ಕರಿಸುತ್ತಿದೆ ಅಂತಲೇ ಅಂದುಕೊಂಡೆವು. ಬಯಾಪ್ಸಿಯಲ್ಲಿ ಕಂಡಿದ್ದು ಬಿಕೆ ವೈರಸ್. ಹೆಚ್ಚಿನವರ ಮೈಯಲ್ಲಿ ಚಿಕ್ಕಂದಿನಿಂದಲೇ ಮಲಗಿರುವ ವೈರಸ್ ಅದು, ರೋಗನಿರೋಧಕ ಶಕ್ತಿ ತಗ್ಗಿಸಿದಾಗ ಏಳುತ್ತದೆ. ಹಾಗಾಗಿ ಡಾಕ್ಟರು ನನ್ನ ಮಾತ್ರೆ ಕಡಿಮೆ ಮಾಡಿದರು. ಪಕ್ಕದ ಬೆಡ್ಡಿನವರ ಕ್ರಿಯಾಟಿನಿನ್ನೂ ಹೆಚ್ಚುಕಡಿಮೆ ನನ್ನಷ್ಟೇ ಇತ್ತು, ಆದರೆ ಅವರಿಗೆ ಪ್ರತಿಕಾಯ ಸಿಕ್ಕಿತ್ತು. ಅವರ ಡೋಸ್ ಏರಿಸಿದರು. ಬರೀ ಕ್ರಿಯಾಟಿನಿನ್ ನೋಡಿ ಚಿಕಿತ್ಸೆ ಮಾಡಿದ್ದರೆ ನಮ್ಮಿಬ್ಬರಲ್ಲಿ ಒಬ್ಬರ ಕಿಡ್ನಿ ಹೋಗುತ್ತಿತ್ತು, ಅಲ್ವಾ?

ಮೊದಲ ಕಿಡ್ನಿ ಯಾವುದರಿಂದ ಹಾಳಾಯಿತು ಅನ್ನುವುದನ್ನೂ ಹೇಳಿ. ಕಿಡ್ನಿಯ ಸೋಸುವ ಭಾಗವನ್ನೇ ಕೆಡಿಸುವ ಐಜಿಎ ನೆಫ್ರೋಪತಿ, ಎಫ್‌ಎಸ್‌ಜಿಎಸ್‌ನಂಥ ಕಾಯಿಲೆಗಳು ಹೊಸ ಕಿಡ್ನಿಯಲ್ಲೂ ಮರಳಬಹುದು. ಬಿಪಿ, ಶುಗರ್, ಮತ್ತೆ ಮತ್ತೆ ಬರುವ ಮೂತ್ರದ ಸೋಂಕು ಕೂಡ ಹಾನಿ ಮಾಡುತ್ತವೆ. ಶುಗರ್ ಅಂತೂ ಸ್ಟೀರಾಯ್ಡ್ ಮತ್ತು ಟ್ಯಾಕ್ರೊಲಿಮಸ್‌ನಿಂದಲೇ ಹೊಸದಾಗಿ ಶುರುವಾಗಬಹುದು.

ಮಾತ್ರೆ ತಪ್ಪಿಸದಿದ್ದರೂ ರಕ್ತದಲ್ಲಿ ಟ್ಯಾಕ್ರೊಲಿಮಸ್ ಲೆವೆಲ್ ಏರುಪೇರಾಗಬಹುದು. ಚಕ್ಕೋತ ಹಣ್ಣು, ಕೆಲವು ಆ್ಯಂಟಿಬಯಾಟಿಕ್‌ಗಳು ಅದನ್ನು ಏರಿಸುತ್ತವೆ. ಟಿಬಿಯ ರಿಫಾಂಪಿಸಿನ್ ಇಳಿಸಿಬಿಡುತ್ತದೆ. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಕಿಡ್ನಿಗೇ ನೇರವಾಗಿ ಪೆಟ್ಟು ಕೊಡುತ್ತದೆ.

ದಯವಿಟ್ಟು ನೀವಾಗಿಯೇ ಡೋಸ್ ಬದಲಿಸಬೇಡಿ. ಟ್ಯಾಕ್ರೊ ಲೆವೆಲ್, ಮೂತ್ರದಲ್ಲಿ ಪ್ರೋಟೀನ್, ಬಿಕೆ ವೈರಸ್, ದಾನಿಯ ವಿರುದ್ಧದ ಪ್ರತಿಕಾಯ, ಇವಿಷ್ಟೂ ನೋಡಿದ್ದಾರಾ, ಬಯಾಪ್ಸಿ ಬೇಕಾ ಅಂತ ಈ ವಾರವೇ ನೆಫ್ರಾಲಜಿಸ್ಟ್ ಹತ್ತಿರ ಕೇಳಿ. ಬಯಾಪ್ಸಿ ಈಗಾಗಲೇ ಆಗಿದ್ದರೆ, ರಿಪೋರ್ಟಿನಲ್ಲಿ ಸಿ4ಡಿ (ಪ್ರತಿಕಾಯದ ದಾಳಿಯ ಸುಳಿವು ಕೊಡುವ ಗುರುತು) ಅಂತ ಇರುವ ಸಾಲಿನ ಅರ್ಥ ಏನು ಅಂತಲೂ ಕೇಳಿಕೊಂಡು ಬನ್ನಿ.