ಹಣ್ಣುನೊಣದ ವೀರ್ಯಾಣುವಿನ ಉದ್ದ ಅಳೆಯುವುದೋ, ಮಿಲನದ ವರ್ತನೆ ನೋಡುವುದೋ?

ಎಂ.ಎಸ್ಸಿ. ಪ್ರಾಜೆಕ್ಟಿಗೆ ಇವೆರಡರಲ್ಲಿ ಯಾವುದು ಸುಲಭ ಎಂದು ಕೇಳಿದ್ದೀರಿ. ಇದೇ ಪ್ರಶ್ನೆಯ ಬೆನ್ನುಹತ್ತಿ ಒಂದು ಇಡೀ ಸೆಮಿಸ್ಟರ್ ಕಳೆದುಕೊಂಡವನು ನಾನು.

ಕಂದುಗಣ್ಣಿನ ಸೀಪಿಯಾ ತಳಿಯ ಹೆಣ್ಣನ್ನು ಮೊದಲು ಕೆಂಗಣ್ಣಿನ ಗಂಡಿನೊಡನೆ, ಕೆಲವು ದಿನ ಬಿಟ್ಟು ಸೀಪಿಯಾ ಗಂಡಿನೊಡನೆ ಕೂಡಿಸಿ, ಮರಿಗಳ ಕಣ್ಣಿನ ಬಣ್ಣ ಎಣಿಸಿ (ಕೆಂಗಣ್ಣಿದ್ದರೆ ಮೊದಲ ಗಂಡಿನವು, ಕಂದುಗಣ್ಣಿದ್ದರೆ ಸೀಪಿಯಾ ಗಂಡಿನವು) ಯಾರ ವೀರ್ಯಾಣು ಗೆದ್ದಿತೆಂದು ಹೇಳುವುದು ನನ್ನ ಯೋಜನೆಯಾಗಿತ್ತು. ಪ್ರಯೋಗಾಲಯದ ಈ ಹಣ್ಣುನೊಣ, ಡ್ರೊಸೊಫಿಲಾ ಮೆಲನೊಗ್ಯಾಸ್ಟರ್‌ನಲ್ಲಿ, ಸಾಮಾನ್ಯವಾಗಿ ಕೊನೆಗೆ ಕೂಡಿದ ಗಂಡೇ ಬಹುಪಾಲು ಮರಿಗಳಿಗೆ ತಂದೆಯಾಗುತ್ತದೆ. ಆದರೆ ನನ್ನ ಹೆಣ್ಣುಗಳಲ್ಲಿ ಅನೇಕವು ಮೊದಲ ಗಂಡನ್ನೇ ಹತ್ತಿರ ಬಿಟ್ಟುಕೊಳ್ಳದೆ ಕಾಲಿನಿಂದ ಒದ್ದು, ಮೊಟ್ಟೆಯಿಡುವ ಅಂಗವನ್ನು ಹೊರಚಾಚಿ ದೂರ ಸರಿದವು. ನಾನು ನೋಟ್‌ಬುಕ್ಕಿನಲ್ಲಿ ‘ಹೆಣ್ಣಿನ ಆಯ್ಕೆ’ ಎಂದು ಹೆಮ್ಮೆಯಿಂದ ಬರೆದುಕೊಂಡೆ.

ಹಾಗೆ ನಿರಾಕರಿಸಿದ ಒಂದು ಹೆಣ್ಣು ಟ್ಯೂಬಿನಲ್ಲಿ ಒಂಟಿಯಾಗಿ ಉಳಿದುಹೋಗಿತ್ತು. ನಾಲ್ಕನೆಯ ದಿನ ನೋಡಿದರೆ ರವೆ-ಬೆಲ್ಲದ ಆಹಾರದೊಳಗೆ ಬಿಳಿಯ ಮರಿಹುಳುಗಳು ಸುರಂಗ ಕೊರೆಯುತ್ತಿದ್ದವು. ಗಂಡೇ ಮುಟ್ಟದ ಹೆಣ್ಣಿಗೆ ಮರಿಗಳು!

ತಪ್ಪು ನನ್ನದೇ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೋಶದಿಂದ ಹೊರಬಂದ ಹೆಣ್ಣು ಸುಮಾರು 8 ಗಂಟೆಗಳ ನಂತರ ಗಂಡನ್ನು ಒಪ್ಪಿಕೊಳ್ಳತೊಡಗುತ್ತದೆ. ನಾನು ರಾತ್ರಿ 8ಕ್ಕೆ ಬಾಟಲಿಯ ಬೆಳೆದ ನೊಣಗಳನ್ನೆಲ್ಲ ಹೊರಹಾಕಿ, ಊರಿನ ಬಸ್ಸು ಹಿಡಿದು ಹೋಗಿ, ಮರುದಿನ ಬೆಳಿಗ್ಗೆ 9ಕ್ಕೆ ಬಂದು ‘ವರ್ಜಿನ್’ (ಇನ್ನೂ ಗಂಡನ್ನು ಕೂಡದ) ಹೆಣ್ಣುಗಳನ್ನು ಆರಿಸುತ್ತಿದ್ದೆ. ಆ 13 ಗಂಟೆಗಳಲ್ಲಿ ಅದೇ ಬಾಟಲಿಯಲ್ಲಿ ಹೊಸದಾಗಿ ಹೊರಬಂದ ಸೀಪಿಯಾ ಗಂಡುಗಳು ತಮ್ಮ ಕೆಲಸ ಮುಗಿಸಿದ್ದವು. ಅವುಗಳ ಮಕ್ಕಳೂ ಕಂದುಗಣ್ಣಿನವೇ ಆದ್ದರಿಂದ ಅವನ್ನೆಲ್ಲ ನಾನು ಎರಡನೆಯ ಗಂಡಿನ ಖಾತೆಗೆ ಜಮಾ ಮಾಡಿದ್ದೆ. ರಾತ್ರಿ ಬಾಟಲಿಯನ್ನು 18 ಡಿಗ್ರಿಯಲ್ಲಿ ಇಟ್ಟಿದ್ದರೆ, ಮೈ ಬಿಳಿಚಿಕೊಂಡು ಹೊಟ್ಟೆಯಲ್ಲಿ ಕಪ್ಪು ಚುಕ್ಕೆ ಕಾಣುವ ಹೊಸ ನೊಣಗಳನ್ನಷ್ಟೇ ಆರಿಸಿದ್ದರೆ, ಆಮೇಲೆ ಮೂರ್ನಾಲ್ಕು ದಿನ ಒಂಟಿಯಾಗಿಟ್ಟು ಮರಿಹುಳು ಬಾರದ್ದನ್ನು ಖಚಿತಪಡಿಸಿಕೊಂಡಿದ್ದರೆ ಸಾಕಾಗಿತ್ತು.

‘ಆಯ್ಕೆ’ ಎಂದು ನಾನು ಬರೆದದ್ದೂ ಬಹುಮಟ್ಟಿಗೆ ಹಿಂದಿನ ಗಂಡಿನ ಕೈವಾಡವೇ. ಗಂಡಿನ ವೀರ್ಯದ್ರವದಲ್ಲಿರುವ ‘ಸೆಕ್ಸ್ ಪೆಪ್ಟೈಡ್’ ಎಂಬ ಪುಟ್ಟ ಪ್ರೋಟೀನ್ ವೀರ್ಯಾಣುಗಳ ಬಾಲಕ್ಕೆ ಅಂಟಿಕೊಂಡು, ಹೆಣ್ಣಿನೊಳಗೆ ದಿನಗಟ್ಟಲೆ ನಿಧಾನವಾಗಿ ಬಿಡುಗಡೆಯಾಗುತ್ತ, ಆ ಹೆಣ್ಣು ಬೇರೆ ಗಂಡನ್ನು ಒಲ್ಲೆನ್ನುವಂತೆಯೂ ಹೆಚ್ಚು ಮೊಟ್ಟೆಯಿಡುವಂತೆಯೂ ಮಾಡುತ್ತದೆ.

ಆದ್ದರಿಂದ ವೀರ್ಯಾಣು ಬೇರೆ, ವರ್ತನೆ ಬೇರೆ ಎನ್ನುವ ನಿಮ್ಮ ವಿಂಗಡಣೆಯನ್ನೇ ನಾನು ಒಪ್ಪುವುದಿಲ್ಲ. ಉದ್ದದ ವಿಷಯವೂ ಹಾಗೆಯೇ. ಡ್ರೊಸೊಫಿಲಾ ಬೈಫರ್ಕಾ ಎಂಬ ಇನ್ನೊಂದು ಹಣ್ಣುನೊಣದ ವೀರ್ಯಾಣು ಸುಮಾರು 58 ಮಿಲಿಮೀಟರ್, ಅಂದರೆ ಗಂಡಿನ ದೇಹದ ಸುಮಾರು ಇಪ್ಪತ್ತು ಪಟ್ಟು ಎಂದು ಓದಿ ಎಲ್ಲರೂ ಗಂಡನ್ನೇ ಅಳೆಯಲು ಓಡುತ್ತಾರೆ. ಆದರೆ ಸಂಶೋಧಕರಾದ ಮಿಲ್ಲರ್ ಮತ್ತು ಪಿಟ್ನಿಕ್ 2002ರಲ್ಲಿ ಮೆಲನೊಗ್ಯಾಸ್ಟರ್‌ನಲ್ಲಿ ತೋರಿಸಿದಂತೆ, ಉದ್ದನೆಯ ವೀರ್ಯಾಣುವಿಗೆ ಲಾಭ ಸಿಗುವುದು ಹೆಣ್ಣಿನೊಳಗೆ ವೀರ್ಯಾಣು ಕೂಡಿಡುವ ನಳಿಕೆ ಉದ್ದವಾಗಿದ್ದಾಗ. ನೀವು ಗಂಡನ್ನು ಅಳೆಯುವುದೇ ಆದರೆ ಅದೇ ತಳಿಯ ಹೆಣ್ಣನ್ನೂ ಸೀಳಿ, ಸುರುಳಿ ಸುತ್ತಿಕೊಂಡಿರುವ ಆ ನಳಿಕೆಯನ್ನು ಬಿಡಿಸಿ ಅಳೆಯಿರಿ. ಮೊದಲ ಹತ್ತು ಖಂಡಿತ ಹರಿದುಹೋಗುತ್ತವೆ, ನನ್ನದೂ ಹರಿದವು.