ಒಂದೇ ಸಿಟ್ಟಿರುವ ಇಬ್ಬರಲ್ಲಿ ಒಬ್ಬರು ಹೋರಾಟಕ್ಕೆ ಬರುತ್ತಾರೆ, ಇನ್ನೊಬ್ಬರು ಬರುವುದಿಲ್ಲ. ಯಾಕೆ?

ಇದನ್ನೇ ಪಿಎಚ್‌ಡಿಗೆ ತೆಗೆದುಕೊಳ್ಳಬೇಕು ಅಂದುಕೊಂಡಿದ್ದೀರಿ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಕೆಲವು ವರ್ಷ ಇದೇ ವಿಷಯಕ್ಕೆ ಸಂದರ್ಶನ ಮಾಡಿಕೊಂಡು ಓಡಾಡಿದವನು ನಾನು. ನನ್ನ ಸಲಹೆ: ಬಾರದೇ ಇದ್ದವರಿಂದ ಶುರು ಮಾಡಿ.

ಮೊದಮೊದಲು ನಾನು ಎಲ್ಲರನ್ನೂ "ಯಾಕೆ ಬಂದಿರಿ?" ಅಂತ ಕೇಳುತ್ತಿದ್ದೆ. ಹೆಚ್ಚಿನವರು ಕರಪತ್ರದಲ್ಲಿದ್ದ ಮಾತನ್ನೇ ಹೇಳುತ್ತಿದ್ದರು. ಅದು ಸುಳ್ಳಲ್ಲ. ಆದರೆ ಮನೆಯಲ್ಲೇ ಉಳಿದವರನ್ನು ಕೇಳಿದರೂ ಅದೇ ಮಾತು ಬರುತ್ತಿತ್ತು. ಒಮ್ಮೆ ಒಬ್ಬ ವಯಸ್ಸಾದ ಹೆಂಗಸನ್ನು "ಹೇಗೆ ಬಂದಿರಿ ಅಮ್ಮಾ?" ಅಂದೆ. "ಪಕ್ಕದ ಮನೆಯವಳು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲೇ ನಿಂತುಬಿಟ್ಟಳು. ಒದ್ದೆ ಕೈ ಒರೆಸಿಕೊಂಡು ಹಾಗೇ ಹೊರಟೆ" ಅಂದರು. ಅವತ್ತೇ ನನ್ನ ಪ್ರಶ್ನೆಗಳ ಪಟ್ಟಿ ಬದಲಾಯಿತು. ಯಾರು ಕರೆದರು, ಯಾರ ಜೊತೆ ಬಂದಿರಿ ಅನ್ನುವುದು ಮೊದಲಿಗೆ ಬಂತು.

ಇದನ್ನು ತುಂಬ ಚೆನ್ನಾಗಿ ತೋರಿಸಿಕೊಟ್ಟವರು ಸಮಾಜಶಾಸ್ತ್ರಜ್ಞ ಡಗ್ ಮ್ಯಾಕ್‌ಆಡಮ್. 1964ರ ಬೇಸಿಗೆಯಲ್ಲಿ ಅಮೆರಿಕದ ಮಿಸಿಸಿಪಿಯಲ್ಲಿ ಕಪ್ಪು ಜನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸುವ ಕೆಲಸಕ್ಕೆ ಕಾಲೇಜು ಹುಡುಗ ಹುಡುಗಿಯರು ಅರ್ಜಿ ಹಾಕಿದ್ದರು. ಜೀವಕ್ಕೇ ಅಪಾಯವಿದ್ದ ಕೆಲಸ. ಶುರುವಿನಲ್ಲೇ ಮೂವರ ಕೊಲೆಯಾಯಿತು. ಎಷ್ಟೋ ವರ್ಷಗಳ ನಂತರ ಮ್ಯಾಕ್‌ಆಡಮ್ ಆ ಅರ್ಜಿಗಳನ್ನೇ ಹಿಡಿದು ಕೂತರು. ಹೋದವರು 720, ಹಿಂದೆ ಸರಿದವರು 239. ನಂಬಿಕೆ, ಆದರ್ಶ ಇಬ್ಬರದ್ದೂ ಹೆಚ್ಚುಕಡಿಮೆ ಒಂದೇ. ಆದರೆ ಯಾರಿಗೆಲ್ಲ ನಿಮ್ಮ ಸುದ್ದಿ ತಿಳಿಸಬೇಕೋ ಅಂಥ ಕಡೇಪಕ್ಷ ಹತ್ತು ಜನರ ಹೆಸರು ಬರೆಯಿರಿ ಅಂತ ಅರ್ಜಿಯಲ್ಲಿ ಕೇಳಿತ್ತು. ಹೋದವರು ಬರೆದ ಹೆಸರುಗಳಲ್ಲಿ, ತಮ್ಮಂತೆಯೇ ಹೊರಟವರು ಜಾಸ್ತಿ ಇದ್ದರು. ಮೊದಲಿಂದ ಸಂಘಟನೆಗಳಲ್ಲಿ ಓಡಾಡಿಕೊಂಡಿದ್ದವರೂ ಅವರೇ. ಈ ಅಧ್ಯಯನ 1986ರಲ್ಲಿ ಪ್ರಕಟವಾಯಿತು. ಹಿಂದೆ ಸರಿದವರ ಅರ್ಜಿಗಳು ಉಳಿದಿರದಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ, ಅಲ್ವಾ?

ಅರ್ಥಶಾಸ್ತ್ರಜ್ಞ ಮಾನ್ಸರ್ ಓಲ್ಸನ್ 1965ರಲ್ಲಿ ಹೇಳಿದ್ದನ್ನೂ ಓದಿಕೊಳ್ಳಿ: ಹೋರಾಟ ಗೆದ್ದರೆ ಬಾರದವರಿಗೂ ಲಾಭ ಸಿಗುತ್ತದೆ, ಹಾಗಿದ್ದ ಮೇಲೆ ಯಾರಾದರೂ ಯಾಕೆ ಬರಬೇಕು? ಈ ತರ್ಕ ಗಟ್ಟಿ. ಆದರೂ ಜನ ಬರುತ್ತಾರಲ್ಲ. ನನಗೆ ಜಾಸ್ತಿ ಕೆಲಸಕ್ಕೆ ಬಂದದ್ದು ರಾಜ್ಯಶಾಸ್ತ್ರಜ್ಞರಾದ ವರ್ಬಾ, ಶ್ಲೋಜ್‌ಮನ್, ಬ್ರೇಡಿ 1995ರಲ್ಲಿ ಕೊಟ್ಟ ಮೂರು ಕಾರಣಗಳು. ಜನ ಬರದಿರುವುದು ಅವರಿಂದ ಆಗದೇ ಇರುವುದರಿಂದ, ಇಷ್ಟವಿಲ್ಲದ್ದರಿಂದ, ಇಲ್ಲವೇ ಯಾರೂ ಕರೆಯದೇ ಇದ್ದದ್ದರಿಂದ. ಕರೆಯುವವರು ಸಾಮಾನ್ಯವಾಗಿ ಓದಿದವರನ್ನು, ಅನುಕೂಲ ಇರುವವರನ್ನೇ ಹುಡುಕಿಕೊಂಡು ಹೋಗುತ್ತಾರೆ. ಹಾಗಾಗಿ ಕರೆ ಬಾರದವರನ್ನು "ಆಸಕ್ತಿ ಇಲ್ಲದವರು" ಅಂತ ಬರೆದುಬಿಡಬೇಡಿ. ಅದು ತಪ್ಪು ಮಾತ್ರ ಅಲ್ಲ, ಅನ್ಯಾಯ.

ಇನ್ನೊಂದು ಎಚ್ಚರ. ಬಂದಿದ್ದೆ, ಮಾಡಿದ್ದೆ ಅನ್ನುವ ಬಾಯಿಮಾತನ್ನೇ ನೆಚ್ಚಬೇಡಿ. ಉದಾಹರಣೆಗೆ, ಮತ ಹಾಕಿದಿರಾ ಅಂತ ಕೇಳಿದರೆ ಹಾಕದವರೂ ಹೂಂ ಅಂದುಬಿಡುತ್ತಾರೆ. ಸಾಧ್ಯವಾದರೆ ದಾಖಲೆ ನೋಡಿ. ರಾಜ್ಯಶಾಸ್ತ್ರಜ್ಞರಾದ ಗರ್ಬರ್, ಗ್ರೀನ್, ಲಾರಿಮರ್ 2006ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಹಾಗೇ ಮಾಡಿದರು. ನೀವು ಮತ ಹಾಕಿದ್ದೀರೋ ಇಲ್ಲವೋ ಅನ್ನುವುದನ್ನು ಅಕ್ಕಪಕ್ಕದವರಿಗೂ ತಿಳಿಸುತ್ತೇವೆ ಅಂತ ಕೆಲವು ಮನೆಗಳಿಗೆ ಪತ್ರ ಹಾಕಿದರು. ಯಾವ ಪತ್ರವೂ ಹೋಗದವರಲ್ಲಿ ಮತ ಹಾಕಿದವರು ಶೇ 29.7, ಈ ಪತ್ರ ಹೋದವರಲ್ಲಿ ಶೇ 37.8. ನೆರೆಯವರ ಕಣ್ಣಿಗೆ ಅಷ್ಟು ಶಕ್ತಿ ಇದೆ. ಹೀಗೆ ಒತ್ತಡ ಹಾಕುವುದು ಸರಿಯಾ ಅನ್ನುವುದೂ ನಿಮ್ಮ ಅಧ್ಯಯನದಲ್ಲಿ ಬರಲಿ.

ನೀವು ಮಾಡಬಹುದಾದ ಒಂದು ಕೆಲಸ: ಬಂದವರನ್ನು ಮಾತಾಡಿಸಿದಾಗಲೆಲ್ಲ, ಅವರು ಕರೆದರೂ ಬಾರದ ಒಬ್ಬರನ್ನು ಮತ್ತು ಅವರು ಕರೆಯದೇ ಬಿಟ್ಟ ಒಬ್ಬರನ್ನು ತೋರಿಸಲು ಹೇಳಿ. ಬಾರದ ಆ ಇಬ್ಬರೂ ಒಪ್ಪಿದರೆ ಅವರ ಜೊತೆ ಕೂತು ಮಾತಾಡಿ. ಆ ಅಮ್ಮನ ಮನೆಯ ಇನ್ನೊಂದು ಪಕ್ಕದಲ್ಲಿದ್ದವರನ್ನು ನಾನು ಹೀಗೇ ಮಾತಾಡಿಸಿದ್ದೆ. ಅವರಿಗೆ ಹೋರಾಟದ ಬೇಡಿಕೆಗಳೆಲ್ಲ ಬಾಯಿಪಾಠವಾಗಿದ್ದವು. "ಹೋಗೋಣ ಅಂತಲೇ ಇತ್ತು, ನಮ್ಮ ಬಾಗಿಲಿಗೆ ಯಾರೂ ಬರಲಿಲ್ಲ" ಅಂದರು.