ಇಲ್ಲಿ ಬುಮಿ ಅಂದರೆ ಮನೆ

ನಮಸ್ಕಾರ. ನಿಮ್ಮ ಪತ್ರವನ್ನು ನಾನೂ ಓದಿದೆ, ನನ್ನ ಮನೆಯವರೂ ಓದಿದರು. ಇಂಡೋನೇಷ್ಯಾದ ಬಂಡುಂಗ್‌ನ ಮಿಲ್ಲಿಗೆ ಬಂದು ಆರು ತಿಂಗಳಾಯಿತು, ಆಗಸ್ಟ್‌ನಲ್ಲಿ ಒಂದು ಭಾನುವಾರ ನಾವಿರುವ ಪಂಗಾಲೆಂಗಾನ್ ಬೆಟ್ಟ ಹತ್ತಿದಿರಿ, ಟೀ ತೋಟ, ಚಿಲಿಯುಂಚಾ ಕೆರೆ, ಆ ತಂಪು ನೋಡಿ ಮನಸ್ಸು ಅಲ್ಲೇ ಉಳಿಯಿತು ಅಂತ ಬರೆದಿದ್ದೀರಿ. ಅಲ್ಲಿ ಒಬ್ಬರು ಇಲ್ಲಿನ ಅಳತೆಯಲ್ಲಿ ನೂರು ತುಂಬಾಕ್ ಜಾಗ ತೋರಿಸಿ, ಊರಿನವರ ಹೆಸರಲ್ಲಿ ಮಾಡಿಸಿಕೊಡುತ್ತೇನೆ ಅಂದರಂತೆ. "ಅಣ್ಣಾ, ತಗೊಳ್ಳಲಾ? ಹೆಂಡತಿ ಮಗೂನ ಕರ್ಕೊಂಡು ಅಲ್ಲಿ ಬದುಕೋಕೆ ಆಗುತ್ತಾ?" ಅಂತ ಕೇಳಿದ್ದೀರಿ.

ಬದುಕೋಕೆ ಆಗುತ್ತೆ. ಜಾಗ ಮಾತ್ರ ತಗೋಬೇಡಿ. ಮುಂಗಡ ಇನ್ನೂ ಕೊಟ್ಟಿಲ್ಲ ತಾನೇ? ಕೊಡಬೇಡಿ.

ಯಾಕೆ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ ಅಂದರೆ, ನಾನು ಕೊಟ್ಟಿದ್ದೆ. ಬಂಡುಂಗ್ ಹತ್ತಿರದ ಮಜಲಾಯಾದ ಬಟ್ಟೆ ಮಿಲ್ಲಿನಲ್ಲಿ ಐದು ವರ್ಷ ದುಡಿದು ಕೂಡಿಟ್ಟ ದುಡ್ಡು. ಜಾಗ ಚೆನ್ನಾಗಿತ್ತು, ಪಕ್ಕದಲ್ಲೇ ನೀರಿನ ಬುಗ್ಗೆ. ಮಾರುವವರು ಗಡಿ ತೋರಿಸಿದರು. ಇಲ್ಲಿ ಗಡಿಗೆ ಹಂಜುವಾಂಗ್ ಅಂತ ಕೆಂಪೆಲೆಯ ಗಿಡ ನೆಡುತ್ತಾರೆ. ನಾಲ್ಕು ಮೂಲೆಗೆ ನಾಲ್ಕು ಗಿಡ. ಕಾಗದ ಅಂತ ಕೊಟ್ಟದ್ದು ಗಿರಿಕ್. ಎರಡು ವಾರ ಬಿಟ್ಟು ಅಳತೆ ಹಾಕಲು ಹೋದಾಗ ಆ ಮನುಷ್ಯನ ಅಕ್ಕ ಬಂದು ಗಿಡದ ಪಕ್ಕ ನಿಂತಿದ್ದರು. ಜೋರು ಮಾತಿಲ್ಲ, ಜಗಳವಿಲ್ಲ. ಒಂದು ಗಿಡದ ಬುಡ ಮುಟ್ಟಿ, "ಇದನ್ನು ನಮ್ಮಪ್ಪ ನೆಟ್ಟದ್ದು, ನಾವು ಐದು ಜನ ಮಕ್ಕಳು" ಅಂದರು. ಅಷ್ಟೇ. ಐವರಲ್ಲಿ ನಾಲ್ವರಿಗೆ ಮಾರಾಟದ ವಿಷಯವೇ ಗೊತ್ತಿರಲಿಲ್ಲ. ಮುಂಗಡದಲ್ಲಿ ಅರ್ಧ ವಾಪಸ್ ಬಂತು. ಉಳಿದದ್ದು ಬರಲಿಲ್ಲ.

ಗಿರಿಕ್ ಅಂದರೆ ನಮ್ಮ ಕಂದಾಯ ರಸೀದಿ ಇದ್ದ ಹಾಗೆ. ತೆರಿಗೆ ಕಟ್ಟಿದ್ದಕ್ಕೆ ಗುರುತು, ಒಡೆತನಕ್ಕೆ ಅಲ್ಲ. 2021ರ ಫೆಬ್ರವರಿಯಲ್ಲಿ ಬಂದ ಸರ್ಕಾರಿ ನಿಯಮ ಇಂಥ ಹಳೆಯ ಕಾಗದಗಳನ್ನೆಲ್ಲ ಐದು ವರ್ಷದೊಳಗೆ ನೋಂದಣಿ ಮಾಡಿಸಿಕೊಳ್ಳಿ ಅಂತ ಗಡುವು ಕೊಟ್ಟಿತ್ತು. ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ, ಗರಾಪನ್. ಅರಣ್ಯದ ಜಾಗ ಅಥವಾ ಎಸ್ಟೇಟಿನ ಜಾಗವನ್ನು ಉಳುತ್ತಾ ಬಂದವರು ಆ ಉಳುಮೆಯನ್ನೇ ಕೈ ಬದಲಾಯಿಸುತ್ತಾರೆ. ನಮ್ಮ ಬಗರ್‌ಹುಕುಂ ನೆನಪಾಗುತ್ತೆ ಅಲ್ವಾ? ಟೀ ತೋಟಕ್ಕೆ ಅಂಟಿಕೊಂಡು, ಒಳ್ಳೆ ನೋಟ ಇರುವ ಜಾಗ ಅಗ್ಗಕ್ಕೆ ಸಿಗುತ್ತೆ ಅಂದರೆ ಮೊದಲು ಇದನ್ನೇ ಕೇಳಿ.

ಇನ್ನು ಊರಿನವರ ಹೆಸರಲ್ಲಿ ಮಾಡಿಸುವ ಮಾತು. ಇಲ್ಲಿ ಭೂಮಿಗೆ 1960ರ ಕಾನೂನು. ಪೂರ್ತಿ ಒಡೆತನಕ್ಕೆ ಹಕ್ ಮಿಲಿಕ್ ಅನ್ನುತ್ತಾರೆ. ನಮ್ಮ ಹಕ್ಕು, ಮಾಲೀಕ ಪದಗಳ ಬಳಗವೇ. ಅದು ಈ ದೇಶದ ಪ್ರಜೆಗೆ ಮಾತ್ರ. ಬೇರೆಯವರ ಹೆಸರಲ್ಲಿ ಹಿಂಬಾಗಿಲಿನಿಂದ ವಿದೇಶಿಗೆ ಹೋದರೆ ಆ ವ್ಯವಹಾರವೇ ರದ್ದು. ಭೂಮಿ ಸರ್ಕಾರಕ್ಕೆ, ಕೊಟ್ಟ ದುಡ್ಡು ಕೇಳುವ ಹಾಗೂ ಇಲ್ಲ. ಹೆಸರು ಕೊಟ್ಟವರು ದೇವರಂಥ ಮನುಷ್ಯರೇ ಇರಬಹುದು. ನಾಳೆ ಅವರು ತೀರಿಕೊಂಡರೆ ಅವರ ಮಕ್ಕಳ ಮುಂದೆ ನೀವು ಯಾರು?

ವಿದೇಶಿಗೆ ಸಿಗುವುದು ಹಕ್ ಪಕೈ, ಬಳಸುವ ಹಕ್ಕು. 30 ವರ್ಷ, ಆಮೇಲೆ 20, ಮತ್ತೆ 30. ಕೇಳಲು ಚೆನ್ನಾಗಿದೆ. ಆದರೆ ವಿದೇಶಿ ಕೊಳ್ಳುವ ಮನೆಗೆ ಪ್ರಾಂತ್ಯವಾರು ಕನಿಷ್ಠ ಬೆಲೆ ಕಟ್ಟಿದ್ದಾರೆ. ಹಳ್ಳಿ ಮನೆ ಆ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ. ಅದೂ ಅಲ್ಲದೆ ನಿಮ್ಮ ಕಿತಾಸ್, ಅಂದರೆ ವಾಸದ ಪರವಾನಗಿ, ಮಿಲ್ಲಿನ ಕೆಲಸದ ಮೇಲೆ ನಿಂತಿದೆ. ಕೆಲಸ ಹೋಗಿ ದೇಶ ಬಿಟ್ಟರೆ ಒಂದು ವರ್ಷದೊಳಗೆ ಮನೆಯನ್ನೂ ಬಿಟ್ಟುಕೊಡಬೇಕು.

ಹಾಗಾದರೆ ನಾವು ಹೇಗಿದ್ದೇವೆ? ಬಾಡಿಗೆಗೆ. ಮೊದಲ ಎರಡು ವರ್ಷ ವರ್ಷದ ಬಾಡಿಗೆ, ಆಮೇಲೆ ನೋಟರಿ ಮುಂದೆ 15 ವರ್ಷದ ಕರಾರು. ಮಾಲೀಕರ ಹತ್ತಿರ ಹಕ್ ಮಿಲಿಕ್ ಸರ್ಟಿಫಿಕೇಟ್ ಇತ್ತು. ಭೂ ಕಚೇರಿಯಲ್ಲಿ ಅದನ್ನು ತಾಳೆ ನೋಡಿಸಿದೆವು. ಮಾಲೀಕರ ಹೆಂಡತಿ, ಬೆಳೆದ ಮಕ್ಕಳು ಎಲ್ಲರೂ ಸಹಿ ಹಾಕಿದರು. ಹಂಜುವಾಂಗ್ ಕಲಿಸಿದ ಪಾಠ ಅದು.

ಬೆಲೆ ಏರುತ್ತಾ ಅಂತಲೂ ಕೇಳಿದ್ದೀರಿ. ಏರಿದೆ. 2017ರ ಕೊನೆಗೆ ಸೋರೆಯಾಂಗ್ ಟೋಲ್ ರಸ್ತೆ ಆಯಿತು, 2023ರ ಅಕ್ಟೋಬರ್‌ನಲ್ಲಿ ಜಕಾರ್ತಾ–ಬಂಡುಂಗ್ ವೇಗದ ರೈಲು ಬಂತು. ಶನಿವಾರ, ಭಾನುವಾರ ನಮ್ಮ ರಸ್ತೆಯಲ್ಲಿ ಜಕಾರ್ತಾ ಕಾರುಗಳ ಸಾಲು. ಆದರೆ ಏರಿದ್ದು ದೊಡ್ಡ ರಸ್ತೆಗೆ ತಾಗಿದ, ಸರ್ಟಿಫಿಕೇಟ್ ಇರುವ ಜಾಗಕ್ಕೆ. ಒಳಗಿನ ಆಲೂಗಡ್ಡೆ, ಕೋಸಿನ ಹೊಲ ಹೊಲವಾಗಿಯೇ ಉಳಿಯಲಿ ಅನ್ನುವವನು ನಾನು. ಅಂದ ಹಾಗೆ ಒಂದು ತುಂಬಾಕ್ ಅಂದರೆ ಸುಮಾರು 14 ಚದರ ಮೀಟರ್. ಏಳು ತುಂಬಾಕ್ ಸೇರಿದರೆ ನಮ್ಮ ಒಂದು ಗುಂಟೆಯ ಹತ್ತಿರ. ನಿಮಗೆ ತೋರಿಸಿದ್ದು 14 ಗುಂಟೆ ಆಯಿತು.

ಈಗ ಬದುಕಿನ ವಿಷಯ. ಇದನ್ನು ಬರೆಯಲು ನನಗೆ ಖುಷಿ.

ನೀವು ನೋಡಿದ್ದು ಆಗಸ್ಟ್. ಬಿಸಿಲಿರುತ್ತೆ, ರಾತ್ರಿ ಚಳಿ ಕೊರೆಯುತ್ತೆ, ಆಕಾಶ ತೊಳೆದಿಟ್ಟ ಹಾಗಿರುತ್ತೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಬೇರೆಯೇ ಊರು. ಮಧ್ಯಾಹ್ನ ಎರಡಕ್ಕೆ ಮಂಜು ಅಂಗಳಕ್ಕೆ ಇಳಿಯುತ್ತೆ, ಹಿಂದೆಯೇ ಮಳೆ. ಬಟ್ಟೆ ನಾಲ್ಕು ದಿನ ಒಣಗಲ್ಲ. ಚರ್ಮದ ಚಪ್ಪಲಿಗೆ ಬೂಸ್ಟು. ಸುಮಾರು 1,400 ಮೀಟರ್ ಎತ್ತರ, ಮಲೆನಾಡಿನವರಿಗೆ ಹೊಸದಲ್ಲ. ಆದರೆ ನೀವು ರಾಯಚೂರಿನವರು. ನಿಮ್ಮ ಹೆಂಡತಿಯನ್ನು ಒಂದು ಮಾತು ಕೇಳಿ.

ಹಾಲಿಗೆ ಬರವಿಲ್ಲ. ಇಲ್ಲಿನ ಹಾಲಿನ ಸಹಕಾರ ಸಂಘ 1969ರಿಂದ ಇದೆ, ಬೆಳಗ್ಗೆ ಸಂಜೆ ಕ್ಯಾನು ಹೊತ್ತು ಜನ ಡೇರಿಗೆ ಹೋಗುತ್ತಾರೆ. ಆದರೆ ಮೊಸರು ಹೆಪ್ಪಾಗಲ್ಲ! ನಮ್ಮ ಮನೆಯವರು ಪಾತ್ರೆಗೆ ಹಳೆ ಸ್ವೆಟರ್ ಸುತ್ತಿ ಅಕ್ಕಿ ಡಬ್ಬದೊಳಗೆ ಹುಗಿದಿಡುತ್ತಾರೆ. ಪಕ್ಕದ ಮನೆಯ ಅಜ್ಜಿ ಮೊದಲು ಅದನ್ನು ನೋಡಿ, ಹಾಲು ಕೆಟ್ಟಿದೆ ಚೆಲ್ಲಮ್ಮಾ ಅಂದಿದ್ದರು. ಈಗ ಅವರ ಮೊಮ್ಮಗನಿಗೆ ಹೊಟ್ಟೆ ಕೆಟ್ಟರೆ ಬಟ್ಟಲು ಹಿಡಿದು ಬರುತ್ತಾರೆ.

ನೀವು ಸಸ್ಯಾಹಾರಿ ಅಂದಿರಿ. ಇಲ್ಲಿನ ಸುಂಡಾ ಜನ ಹಸಿ ಸೊಪ್ಪು, ಸೌತೆ, ಬದನೆ ಎಲ್ಲ ತಟ್ಟೆಗೆ ಇಟ್ಟುಕೊಂಡು ತಿನ್ನುವವರು, ಅದನ್ನು ಲಾಲಾಪನ್ ಅನ್ನುತ್ತಾರೆ. ಸೋಯಾದಿಂದ ಮಾಡುವ ತೆಂಪೆ, ತಾಹು ಎಲ್ಲ ಕಡೆ ಇದೆ. ಆದರೆ ಸಂಬಲ್ ಚಟ್ನಿಯಲ್ಲಿ ತೆರಾಸಿ, ಅಂದರೆ ಹುದುಗಿಸಿ ಅರೆದ ಸಿಗಡಿಯ ಮುದ್ದೆ ಇರುತ್ತೆ. ಪ್ರತಿ ಸಲ ಕೇಳಲೇಬೇಕು. ಎರಡು ಮೂರು ತಿಂಗಳಲ್ಲಿ ಅಂಗಡಿಯವರೇ ನಿಮಗೆ ಬೇರೆ ಅರೆದುಕೊಡುತ್ತಾರೆ.

ಮಾತು ಕಲಿಯಿರಿ. ಇಂಡೋನೇಷ್ಯಾ ಭಾಷೆ ಸಾಕು ಅಂತ ಮಿಲ್ಲಿನಲ್ಲಿ ಹೇಳುತ್ತಾರೆ. ಕೆಲಸ ನಡೆಯುತ್ತೆ, ಆದರೆ ಜಗಲಿ ಮೇಲೆ ಕೂರಿಸಿಕೊಳ್ಳಲು ಸುಂಡಾ ಮಾತೇ ಬೇಕು. ಹಿರಿಯರ ಮುಂದೆ ಹಾದುಹೋಗುವಾಗ ಸ್ವಲ್ಪ ಬಗ್ಗಿ, ಬಲಗೈ ಇಳಿಬಿಟ್ಟು "ಪುಂತೆನ್" ಅನ್ನಬೇಕು. ಅವರು "ಮಂಗ್ಗಾ" ಅಂತಾರೆ. ಸುಮ್ನೆ ಹಾದುಹೋದರೆ ಸೊಕ್ಕು ಅಂದುಕೊಳ್ಳುತ್ತಾರೆ. ಮರ್ಯಾದೆಯ ಮಾತು ಬೇರೆ, ಸಲುಗೆಯ ಮಾತು ಬೇರೆ. ನಿಮ್ಮ ಮನೆಗೆ ಬುಮಿ ಅನ್ನಬೇಕು, ನನ್ನ ಮನೆಗೆ ರೊರೊಂಪೊಕ್ ಅನ್ನಬೇಕು. ಬುಮಿ ನಮ್ಮ ಭೂಮಿಯೇ! ನನ್ನ ಮಗಳಿಗೆ ಈ ವ್ಯತ್ಯಾಸ ಶಾಲೆಯಲ್ಲಿ ಕಲಿಸಿದರು, ಇಲ್ಲಿ ಸುಂಡಾ ಭಾಷೆ ಒಂದು ಪಾಠ. ಅವಳು ನನ್ನನ್ನು ತಿದ್ದುತ್ತಾಳೆ.

ಊರಿಗೆ ಬಂದ ದಿನವೇ ಪಾಕ್ ಎರ್‌ತೆ ಹತ್ತಿರ ಹೋಗಿ. ನಮ್ಮ ಬೀದಿಗೆ ಹಿರಿಯರು ಅವರು. ನೆಂಟರು ಬಂದು ಉಳಿದರೂ 24 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ಭಾನುವಾರ ಬೆಳಗ್ಗೆ ಊರಿನವರೆಲ್ಲ ಸೇರಿ ಚರಂಡಿ, ಬುಗ್ಗೆಯ ನೀರಿನ ಪೈಪು ಸರಿ ಮಾಡುತ್ತಾರೆ. ಅಲ್ಲಿಗೆ ತಪ್ಪದೆ ಹೋಗಿ. ನಸುಕಿನ ಆಜಾನ್‌ಗೆ ಎಚ್ಚರಾಗುತ್ತೆ, ರಂಜಾನಿನಲ್ಲಿ ಮಕ್ಕಳು ಮೂರು ಗಂಟೆಗೇ ಡೋಲು ಬಡಿಯುತ್ತಾ ಬರುತ್ತಾರೆ. ಆ ತಿಂಗಳು ಹಗಲಲ್ಲಿ ಬೀದಿಯಲ್ಲಿ ನಾವೂ ಏನೂ ತಿನ್ನಲ್ಲ. ನಮ್ಮ ದೀಪಾವಳಿಗೆ ಮೊದಲು ಹಣತೆ ಕೇಳಿಕೊಂಡು ಬರುವುದು ಅದೇ ಮಕ್ಕಳು.

ಆಸ್ಪತ್ರೆ ನಿಜವಾದ ಚಿಂತೆ. ಪುಸ್ಕೆಸ್ಮಾಸ್ ಅಂತ ಸರ್ಕಾರಿ ಆರೋಗ್ಯ ಕೇಂದ್ರ ಇದೆ. ಅದಕ್ಕಿಂತ ಜಾಸ್ತಿ ಬೇಕಾದರೆ ಕೆಳಗೆ ಇಳಿಯಬೇಕು. ಒಮ್ಮೆ ರಾತ್ರಿ ಎರಡಕ್ಕೆ ಮನೆಯವರಿಗೆ ಜ್ವರ ಏರಿ ಮಾತು ತಪ್ಪಿತು. ಪಾಕ್ ಎರ್‌ತೆ ಕೋಸು ತುಂಬಿದ್ದ ಪಿಕಪ್ ನಿಲ್ಲಿಸಿ, ಕೋಸನ್ನೆಲ್ಲ ರಸ್ತೆಬದಿಗೆ ಇಳಿಸಿ, ಹಾಸಿಗೆ ಹಾಕಿಸಿದರು. ಬೆಳಕಾಗುವ ಹೊತ್ತಿಗೆ ಡ್ರಿಪ್ ಹತ್ತಿತ್ತು. ಇಳಿಸಿದ ಕೋಸಿಗೆ ಆ ಡ್ರೈವರ್ ದುಡ್ಡು ತಗೊಳ್ಳಲಿಲ್ಲ.

ಭೂಕಂಪದ ವಿಷಯವನ್ನು ನಿಮಗೆ ಯಾರೂ ಹೇಳಿಲ್ಲ ಅನ್ನಿಸುತ್ತೆ. 2009ರ ಸೆಪ್ಟೆಂಬರ್ 2ರಂದು ಪಂಗಾಲೆಂಗಾನ್‌ನಲ್ಲಿ ತುಂಬಾ ಮನೆ ಬಿದ್ದವು. ಮಜಲಾಯಾದ ಶೆಡ್ಡಿನಲ್ಲಿದ್ದ ನಾನೂ ಮಗ್ಗ ಬಿಟ್ಟು ಓಡಿದ್ದೆ. 2022ರ ನವೆಂಬರ್‌ನಲ್ಲಿ ಚಿಯಾಂಜೂರ್‌ನಲ್ಲಿ 5.6ರ ಕಂಪನ, 600ಕ್ಕೂ ಜಾಸ್ತಿ ಜನ ಹೋದರು. ಕಬ್ಬಿಣವಿಲ್ಲದ ಇಟ್ಟಿಗೆ ಗೋಡೆಗಳೇ ಮೈಮೇಲೆ ಬಿದ್ದವು. 2024ರ ಸೆಪ್ಟೆಂಬರ್ 18ರಂದು ಪಕ್ಕದ ಕೆರ್ತಾಸಾರಿ ನಡುಗಿದಾಗ ನಮ್ಮ ಮನೆಯ ಹೆಂಚು ಜಾರಿತು, ಅಷ್ಟೇ. ಸೊಂಟದವರೆಗೆ ಕಬ್ಬಿಣ ಹಾಕಿದ ಗೋಡೆ, ಮೇಲೆ ಮರ, ಹೆಣೆದ ಬಿದಿರಿನ ತಟ್ಟಿ. ಬಿಲಿಕ್ ಅನ್ನುವ ಈ ತಟ್ಟಿ ಮನೆಯನ್ನು ಬಡವರ ಮನೆ ಅಂತ ಕಡೆಗಣಿಸಬೇಡಿ. ಮನೆ ನೋಡಲು ಹೋದಾಗ ಹಿಂದಿನ ಗುಡ್ಡವನ್ನೂ ನೋಡಿ. 2015ರ ಮೇ ತಿಂಗಳಲ್ಲಿ ಇಲ್ಲೇ ಚಿಬಿತುಂಗ್‌ನಲ್ಲಿ ಗುಡ್ಡ ಜಾರಿ ಮನೆಗಳ ಮೇಲೆ ಬಂತು.

ಜನವರಿಯಲ್ಲಿ ಮಗು ಸಮೇತ ಬಂದು ನಮ್ಮ ಮನೆಯಲ್ಲಿ ಒಂದು ವಾರ ಇರಿ. ಮಳೆ ಸುರಿಯುತ್ತಿರುತ್ತೆ, ಅದಕ್ಕೇ ಆಗ ಬನ್ನಿ ಅನ್ನುತ್ತಿದ್ದೇನೆ. ಎರಡು ಬೀದಿ ಆಚೆ ಒಂದು ಮನೆ ವರ್ಷದ ಬಾಡಿಗೆಗೆ ಖಾಲಿ ಇದೆ, ಮಾಲೀಕರ ಜೊತೆ ಮಾತಾಡಿಟ್ಟಿರುತ್ತೇನೆ. ಪಾಸ್‌ಪೋರ್ಟ್, ಕಿತಾಸ್ ಪ್ರತಿ ತನ್ನಿ, ಪಾಕ್ ಎರ್‌ತೆಗೆ ಕೊಡಬೇಕು. ಹುಣಸೆಹಣ್ಣು, ತೆಂಗಿನಕಾಯಿ ಇಲ್ಲೇ ಸಿಗುತ್ತೆ. ತೊಗರಿಬೇಳೆ, ಬ್ಯಾಡಗಿ ಮೆಣಸಿನಕಾಯಿ ಇದ್ದರೆ ಸ್ವಲ್ಪ ಹಿಡಿದುಕೊಂಡು ಬನ್ನಿ.